ಗೊತ್ತಿದ್ದವರು ಊರಲ್ಲಿಲ್ಲದ ದಿನವೂ ಕೆಲಸ ನಡೆಯಬೇಕು: ಕೋಲಾರದ ಕಚೇರಿಗಳಿಗೆ ವಿಂಡೋಸ್ ನಿರ್ವಹಣೆಯ ಮಾರ್ಗದರ್ಶಿ

ಕೋಲಾರ ಸೀಮೆಯ ಕಚೇರಿಗಳಲ್ಲಿ ಸರ್ವರಿನ ಪಾಸ್‌ವರ್ಡ್ ಕೇಳಿ ನೋಡಿ. ಬಹಳ ಕಡೆ ಬರುವ ಉತ್ತರ ಇದು: "ಅದು ಮೊದಲಿದ್ದ ಹುಡುಗನಿಗೆ ಗೊತ್ತು ಸರ್, ಅವನೀಗ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿಕೊಂಡಿದ್ದಾನೆ." ಟೊಮೆಟೊ ಮಂಡಿ, ಪತ್ತಿನ ಸಹಕಾರ ಸಂಘ, ಲೆಕ್ಕಪರಿಶೋಧಕರ ಕಚೇರಿ, ಖಾಸಗಿ ಶಾಲೆ, ನರಸಾಪುರ ಅಥವಾ ವೇಮಗಲ್ ಕಡೆಯ ಸಣ್ಣ ಕಾರ್ಖಾನೆ, ಎಲ್ಲಿ ಹೋದರೂ ಚಿತ್ರ ಹೆಚ್ಚುಕಡಿಮೆ ಒಂದೇ. ಹತ್ತರಿಂದ ನಲವತ್ತು ವಿಂಡೋಸ್ ಕಂಪ್ಯೂಟರ್‌ಗಳು, ಒಂದು ಸರ್ವರ್ ಇಲ್ಲವೇ ಸರ್ವರ್ ಎಂದು ಕರೆಸಿಕೊಳ್ಳುವ ಹಳೆಯ ಡೆಸ್ಕ್‌ಟಾಪ್, ಎಲ್ಲವನ್ನೂ ತಲೆಯಲ್ಲಿಟ್ಟುಕೊಂಡು ಓಡಾಡುವ ಒಬ್ಬ ವ್ಯಕ್ತಿ. ಅವರು ರಜೆ ಹಾಕಿದ ದಿನ ಬಿಲ್ಲು ನಿಂತರೆ ಇಡೀ ಕಚೇರಿ ಫೋನ್ ಹಿಡಿದು ಕೂರುತ್ತದೆ.

ಅಂಥ ಕಚೇರಿಯ ಹೊಣೆ ಹೊತ್ತವರಿಗಾಗಿ ಈ ಲೇಖನ. ಇಲ್ಲಿನ ಪ್ರತಿ ಹಂತವನ್ನೂ ನಾನು ಒಂದೇ ಪ್ರಶ್ನೆಯಿಂದ ಅಳೆಯುತ್ತೇನೆ: ನೀವು ಊರಲ್ಲಿಲ್ಲದಾಗ ಇನ್ನೊಬ್ಬರು ಇದನ್ನು ನಡೆಸಬಲ್ಲರೇ? ಹಂತಗಳ ಕ್ರಮವನ್ನು ದಯವಿಟ್ಟು ಬದಲಿಸಬೇಡಿ. ಹೊಸ ಸರ್ವರ್ ಕೊಳ್ಳುವ ಉತ್ಸಾಹ ಎಲ್ಲರಿಗೂ ಇರುತ್ತದೆ. ಆದರೆ ಇರುವುದರ ಪಟ್ಟಿ, ವಿದ್ಯುತ್ತು, ಬ್ಯಾಕಪ್ ಈ ಮೂರೂ ಸರಿಯಾಗುವ ಮೊದಲು ಕೊಂಡ ಸರ್ವರ್ ಹಳೆಯ ಗೊಂದಲವನ್ನೇ ದೊಡ್ಡದು ಮಾಡುತ್ತದೆ.

ಮೊದಲು ಪಟ್ಟಿ

ಒಂದು ಗಟ್ಟಿ ರಟ್ಟಿನ ನೋಟ್‌ಬುಕ್ ತನ್ನಿ. ಎಕ್ಸೆಲ್ ಕಡತವೂ ಇರಲಿ, ಆದರೆ ಸರ್ವರ್ ಕೆಟ್ಟ ದಿನ ಸರ್ವರಿನೊಳಗಿರುವ ಕಡತ ತೆರೆಯುವುದಿಲ್ಲ. ಪ್ರತಿ ಕಂಪ್ಯೂಟರಿಗೂ ಒಂದು ಪುಟ ಕೊಡಿ. ಹೆಸರು, ಯಾರ ಮೇಜು, ಪ್ರೊಸೆಸರ್, ರ‍್ಯಾಮ್, ಡಿಸ್ಕ್, ವಿಂಡೋಸ್ ಆವೃತ್ತಿ, ಖರೀದಿಯ ಬಿಲ್ಲಿನ ದಿನಾಂಕ, ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಆ ಯಂತ್ರದ ಸಂಖ್ಯೆ) ಬರೆಯಿರಿ. ಕಂಪ್ಯೂಟರಿಗೆ ಮನುಷ್ಯರ ಹೆಸರಿಡಬೇಡಿ. ಜನ ಬದಲಾಗುತ್ತಾರೆ, ಮೇಜು ಉಳಿಯುತ್ತದೆ. 'ಲೆಕ್ಕ-02', 'ಗೇಟ್-01' ಎಂಬಂತೆ ವಿಭಾಗ ಮತ್ತು ಸಂಖ್ಯೆ ಸಾಕು. ಯಂತ್ರದಲ್ಲಿ ದಾಖಲಿಸುವಾಗ ಮಾತ್ರ ಆ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ಹದಿನೈದು ಅಕ್ಷರ ಮೀರದಂತೆ ಕೊಡಿ.

ಈ ಪಟ್ಟಿ ಮಾಡುವಾಗಲೇ ಎರಡು ವಿಷಯ ಬೆಳಕಿಗೆ ಬರುತ್ತವೆ. ಮೊದಲನೆಯದು, ಅಂಗಡಿಯಲ್ಲಿ ಕೊಂಡ ಲ್ಯಾಪ್‌ಟಾಪ್‌ಗಳಲ್ಲಿ ಬಹುಪಾಲು ವಿಂಡೋಸ್ ಹೋಮ್ ಇರುತ್ತದೆ. ಹೋಮ್ ಆವೃತ್ತಿ ಡೊಮೇನ್‌ಗೆ, ಅಂದರೆ ಎಲ್ಲ ಯಂತ್ರ ಮತ್ತು ಖಾತೆಗಳನ್ನು ಒಂದು ಸರ್ವರಿನಿಂದ ನಡೆಸುವ ವ್ಯವಸ್ಥೆಗೆ, ಸೇರುವುದಿಲ್ಲ, ಕಚೇರಿಗೆ ಪ್ರೊ ಬೇಕು. ಎರಡನೆಯದು, ಯಾವ ಯಂತ್ರದ ಆಯುಷ್ಯ ಮುಗಿದಿದೆ ಎಂಬುದು. ವಿಂಡೋಸ್ 10ಕ್ಕೆ ಉಚಿತ ಭದ್ರತಾ ಪರಿಷ್ಕರಣೆ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ಹಣ ಕಟ್ಟುವ ಸಂಸ್ಥೆಗಳಿಗೆ ಹೆಚ್ಚೆಂದರೆ 2028ರ ಅಕ್ಟೋಬರ್‌ವರೆಗೆ ಸಿಗುತ್ತದೆ. ವಿಂಡೋಸ್ 11ಕ್ಕೆ ಭದ್ರತಾ ಕೀಲಿಗಳನ್ನು ಕಾಯುವ ಟಿಪಿಎಂ 2.0 ಚಿಪ್ ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನದು ಅಥವಾ ಅದಕ್ಕಿಂತ ಹೊಸದಾಗಿರಬೇಕು. ಸರ್ವರ್ 2012 ಮತ್ತು 2012 ಆರ್2 ಆವೃತ್ತಿಗಳಿಗೆ ಬೇರೆ ಹಣ ಕಟ್ಟದೆ ಸಿಗುತ್ತಿದ್ದ ಬೆಂಬಲ 2023ರ ಅಕ್ಟೋಬರ್ 10ಕ್ಕೇ ಮುಗಿಯಿತು. ಸರ್ವರ್ 2016 ಇಟ್ಟುಕೊಂಡವರಿಗೆ 2027ರ ಜನವರಿ 12 ಕೊನೆಯ ದಿನ. 2019ರದ್ದು 2029ರ ಜನವರಿ 9ರವರೆಗೆ, 2022ರದ್ದು 2031ರ ಅಕ್ಟೋಬರ್ 14ರವರೆಗೆ ನಡೆಯುತ್ತದೆ. ಈ ದಿನಾಂಕಗಳನ್ನು ಮಾಲೀಕರ ಮುಂದಿಟ್ಟರೆ ಹಣದ ಮಾತು ಸುಲಭವಾಗುತ್ತದೆ. "ಯಂತ್ರ ಹಳೆಯದಾಗಿದೆ" ಎಂಬ ಮಾತಿಗೆ ಯಾರೂ ಚೆಕ್ ಬರೆಯುವುದಿಲ್ಲ.

ಪಟ್ಟಿ ಮಾಡುವಾಗ ನಕಲಿ ವಿಂಡೋಸ್ ಕಣ್ಣಿಗೆ ಬಿದ್ದರೆ ಅದನ್ನೂ ಬರೆಯಿರಿ. ಪರವಾನಗಿ ಮುರಿಯುವ 'ಆಕ್ಟಿವೇಟರ್' ಓಡಿಸಬೇಕಾದರೆ ಮೊದಲು ಆಂಟಿವೈರಸ್ ನಿಲ್ಲಿಸು ಎಂದು ಅದೇ ಕೇಳುತ್ತದೆ. ಅಪರಿಚಿತರು ಬರೆದ ಪ್ರೋಗ್ರಾಮಿಗೆ ಅಡ್ಮಿನ್ ಅಧಿಕಾರ ಕೊಟ್ಟ ಯಂತ್ರದಲ್ಲಿ ರೈತರ ಬ್ಯಾಂಕ್ ಖಾತೆಯ ವಿವರ ಇಡುವುದು ತಪ್ಪು. ಇದರಲ್ಲಿ ರಾಜಿಗೆ ಅವಕಾಶವಿಲ್ಲ.

ವಿದ್ಯುತ್ತು

ಏಪ್ರಿಲ್, ಮೇ ತಿಂಗಳ ಸಂಜೆಯ ಗುಡುಗು ಸಿಡಿಲಿಗೆ ನಮ್ಮ ಕಡೆ ಎಷ್ಟೋ ನೆಟ್‌ವರ್ಕ್ ಸ್ವಿಚ್‌ಗಳು (ಕಂಪ್ಯೂಟರ್‌ಗಳ ಕೇಬಲ್‌ಗಳೆಲ್ಲ ಸೇರುವ ಪೆಟ್ಟಿಗೆಗಳು) ಸುಟ್ಟಿವೆ. ಬೆಸ್ಕಾಂ ನಿರ್ವಹಣೆಗಾಗಿ ವಿದ್ಯುತ್ ನಿಲ್ಲಿಸುವ ದಿನಗಳನ್ನು ಪತ್ರಿಕೆಯಲ್ಲಿ ಪ್ರಕಟಿಸುತ್ತದೆ. ಅದನ್ನು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸುವ ಅಭ್ಯಾಸ ಮಾಡಿಕೊಳ್ಳಿ. ಅಂಥ ದಿನ ಬೆಳಿಗ್ಗೆಯೇ ಸರ್ವರನ್ನು ಕ್ರಮವಾಗಿ ನಿಲ್ಲಿಸಬಹುದು.

ಸರ್ವರಿಗೆ ಆನ್‌ಲೈನ್ ಯುಪಿಎಸ್, ಅಂದರೆ ಕ್ಷಣವೂ ಕಡಿತವಿಲ್ಲದೆ ವಿದ್ಯುತ್ ಕೊಡುವ ಬಗೆಯದು, ಹಾಕಿ. ಮನೆಯ ಇನ್ವರ್ಟರ್ ವಿದ್ಯುತ್ ಹೋದಾಗ ಬದಲಾಗಲು ತೆಗೆದುಕೊಳ್ಳುವ ಕ್ಷಣದಲ್ಲಿ ಕಂಪ್ಯೂಟರ್ ರೀಸ್ಟಾರ್ಟ್ ಆಗಬಹುದು. ಡೇಟಾಬೇಸ್ ಹಾಳಾಗಲು ಅಷ್ಟೇ ಸಾಕು. ಯುಪಿಎಸ್‌ನ ಹಿಂಬದಿಯ ಯುಎಸ್‌ಬಿ ಕೇಬಲನ್ನು ಸರ್ವರಿಗೆ ಜೋಡಿಸಿ, ಬ್ಯಾಟರಿ ಇಂತಿಷ್ಟಕ್ಕೆ ಇಳಿದಾಗ ವಿಂಡೋಸ್ ತಾನೇ ನಿಲ್ಲುವಂತೆ ಮಾಡಿ. ಈ ಕೇಬಲ್ ಪ್ಲಾಸ್ಟಿಕ್ ಚೀಲದೊಳಗೇ ಉಳಿದಿರುವ ಕಚೇರಿಗಳೇ ಹೆಚ್ಚು. ಲೇಸರ್ ಪ್ರಿಂಟರನ್ನು ಯುಪಿಎಸ್‌ಗೆ ಹಾಕಬೇಡಿ, ಅದು ಬಿಸಿಯಾಗುವಾಗ ಎಳೆಯುವ ವಿದ್ಯುತ್ತಿಗೆ ಯುಪಿಎಸ್ ಕೈಚೆಲ್ಲುತ್ತದೆ. ಎಲೆಕ್ಟ್ರಿಷಿಯನ್ನರನ್ನು ಕರೆಸಿ ನ್ಯೂಟ್ರಲ್ ಮತ್ತು ಅರ್ತ್ ನಡುವಿನ ವೋಲ್ಟೇಜ್ ಅಳೆಸಿ. ಎರಡು ಮೂರು ವೋಲ್ಟ್ ದಾಟಿದರೆ ಅರ್ತಿಂಗ್ ಸರಿಪಡಿಸಬೇಕು. ಬೇಸಿಗೆಯಲ್ಲಿ ಅರ್ತ್ ಗುಂಡಿ ಒಣಗಿದಾಗಲೇ ಇದನ್ನು ಅಳೆಯುವುದು ಒಳ್ಳೆಯದು.

ಬ್ಯಾಕಪ್

ಇಲ್ಲಿ ನಿಧಾನವಾಗಿ ಓದಿ. ಇನ್ನುಳಿದ ಯಾವ ತಪ್ಪನ್ನಾದರೂ ತಿದ್ದಿಕೊಳ್ಳಬಹುದು, ಬ್ಯಾಕಪ್ ಇಲ್ಲದಿರುವ ತಪ್ಪನ್ನು ಆಮೇಲೆ ತಿದ್ದಲು ಬರುವುದಿಲ್ಲ.

ಎರಡು ಡಿಸ್ಕ್‌ಗಳ ರೇಡ್ (ಒಂದೇ ಡೇಟಾವನ್ನು ಎರಡರಲ್ಲೂ ಬರೆಯುವ ಜೋಡಣೆ) ಇದೆ, ಆದ್ದರಿಂದ ಬ್ಯಾಕಪ್ ಇದೆ ಎಂದು ಅನೇಕರು ನಂಬಿದ್ದಾರೆ. ರೇಡ್ ಡಿಸ್ಕ್ ಕೆಟ್ಟಾಗ ಕಾಪಾಡುತ್ತದೆ, ಅಷ್ಟೇ. ಒಬ್ಬರು ತಪ್ಪಿ ಫೋಲ್ಡರ್ ಅಳಿಸಿದರೆ ಅದು ಎರಡೂ ಡಿಸ್ಕ್‌ಗಳಲ್ಲಿ ಒಟ್ಟಿಗೇ ಅಳಿಯುತ್ತದೆ. ವಿಂಡೋಸ್‌ನ ಶ್ಯಾಡೋ ಕಾಪಿ ಕೂಡ ಉಪಕಾರಿ. ಕಡತದ ಮೇಲೆ ರೈಟ್ ಕ್ಲಿಕ್ ಮಾಡಿ ಹಿಂದಿನ ಆವೃತ್ತಿಯನ್ನು ತರಬಹುದು, ಗುಮಾಸ್ತರಿಗೇ ಇದನ್ನು ಕಲಿಸಿಕೊಟ್ಟರೆ ನಿಮ್ಮ ಅರ್ಧ ಕರೆಗಳು ಕಡಿಮೆಯಾಗುತ್ತವೆ. ಅದರ ಮೂಲ ವೇಳಾಪಟ್ಟಿ ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ 7 ಮತ್ತು ಮಧ್ಯಾಹ್ನ 12. ಎಪಿಎಂಸಿ ಪ್ರಾಂಗಣದ ಮಂಡಿಗೆ ಈ ಲೆಕ್ಕ ಹೊಂದುವುದಿಲ್ಲ, ಅಲ್ಲಿ ಶನಿವಾರ ಭಾನುವಾರವೂ ಕೆಲಸವಿರುತ್ತದೆ. ಹರಾಜು ಮುಗಿದು ಪಟ್ಟಿ (ರೈತರಿಗೆ ಕೊಡುವ ಮಾರಾಟದ ಚೀಟಿ) ಬರೆದಾದ ಹೊತ್ತಿಗೆ ಒಮ್ಮೆ, ಸಂಜೆ ಬಾಗಿಲು ಹಾಕುವ ಮೊದಲು ಒಮ್ಮೆ, ವಾರದ ಏಳೂ ದಿನ ಎಂದು ಬದಲಿಸಿ. ಆದರೆ ಶ್ಯಾಡೋ ಕಾಪಿಗಳು ಅದೇ ಸರ್ವರಿನಲ್ಲಿರುತ್ತವೆ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್ ಮೊದಲು ಅಳಿಸುವುದೇ ಅವುಗಳನ್ನು.

ಆದ್ದರಿಂದ ಹೀಗೆ ಮಾಡಿ. ಸರ್ವರಿನಲ್ಲಿ 'ವಿಂಡೋಸ್ ಸರ್ವರ್ ಬ್ಯಾಕಪ್' ಎಂಬ ಸೌಲಭ್ಯವನ್ನು ಸರ್ವರ್ ಮ್ಯಾನೇಜರ್ ಮೂಲಕ ಸೇರಿಸಿಕೊಳ್ಳಿ, ಅದಕ್ಕೆ ಬೇರೆ ಹಣವಿಲ್ಲ. ಎರಡು ಯುಎಸ್‌ಬಿ ಹಾರ್ಡ್‌ಡಿಸ್ಕ್ ಕೊಂಡು ಒಂದಕ್ಕೆ ಕೆಂಪು ಪಟ್ಟಿ, ಇನ್ನೊಂದಕ್ಕೆ ನೀಲಿ ಪಟ್ಟಿ ಅಂಟಿಸಿ. ಬ್ಯಾಕಪ್ ವೇಳಾಪಟ್ಟಿಗೆ ಎರಡನ್ನೂ ಒಪ್ಪಿಸಿ. ಆಗ ವಿಂಡೋಸ್ ಅವನ್ನು ಫಾರ್ಮ್ಯಾಟ್ ಮಾಡುತ್ತದೆ, ಹಾಗಾಗಿ ಒಳಗೆ ಏನೂ ಇರಬಾರದು. ಇಡೀ ಸರ್ವರನ್ನು ಮರಳಿ ತರಬಲ್ಲ 'ಬೇರ್ ಮೆಟಲ್ ರಿಕವರಿ' ಆಯ್ಕೆಯನ್ನು ಗುರುತು ಹಾಕಿ, ಪ್ರತಿ ರಾತ್ರಿ ಓಡುವಂತೆ ಇಡಿ. ಪ್ರತಿ ಶನಿವಾರ ಡಿಸ್ಕ್ ಬದಲಿಸಿ. ತೆಗೆದ ಡಿಸ್ಕ್ ಮಾಲೀಕರ ಮನೆಗೋ ಬ್ಯಾಂಕ್ ಲಾಕರಿಗೋ ಹೋಗಬೇಕು. ಸರ್ವರಿನ ಪಕ್ಕದ ಬೀರುವಿನಲ್ಲಿಟ್ಟರೆ ಬೆಂಕಿಗೂ ಕಳ್ಳರಿಗೂ ಎರಡೂ ಒಟ್ಟಿಗೆ ಸಿಗುತ್ತವೆ. ಹೊರಗೆ ಹೋಗುವ ಡಿಸ್ಕ್ ಕಳೆದರೆ ಏನು ಗತಿ ಎಂಬ ಚಿಂತೆ ನ್ಯಾಯವಾದದ್ದೇ. ಡಿಸ್ಕಿನಲ್ಲಿರುವುದನ್ನು ಕೀಲಿಯಿಲ್ಲದೆ ಓದಲಾಗದಂತೆ ಮಾಡುವ ಬಿಟ್‌ಲಾಕರ್ ಹಾಕಿ ಅದರ ರಿಕವರಿ ಕೀಲಿಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಬ್ಯಾಂಡ್‌ವಿಡ್ತ್ ಇದ್ದವರು ಮುಖ್ಯ ಫೋಲ್ಡರ್‌ಗಳ ಮೂರನೆಯ ಪ್ರತಿಯನ್ನು ಕ್ಲೌಡ್‌ಗೂ ಕಳುಹಿಸಲಿ.

ಲೆಕ್ಕದ ತಂತ್ರಾಂಶವಾದ ಟ್ಯಾಲಿ ಬಳಸುವವರಿಗೆ ಪ್ರತ್ಯೇಕ ಮಾತು. ಯಾರೋ ವೋಚರ್ ಹಾಕುತ್ತಿರುವಾಗ ಡೇಟಾ ಫೋಲ್ಡರನ್ನು ಎಳೆದು ಪೆನ್‌ಡ್ರೈವಿಗೆ ಹಾಕಿದರೆ ಅದು ಬ್ಯಾಕಪ್ ಆಗುವುದಿಲ್ಲ, ಅರ್ಧ ಬರೆದ ಕಡತದ ಪ್ರತಿಯಾಗಬಹುದು. ಎಲ್ಲರೂ ಟ್ಯಾಲಿಯಲ್ಲಿ ತೆರೆದಿದ್ದ 'ಕಂಪನಿ'ಯನ್ನು (ಸಂಸ್ಥೆಯ ಲೆಕ್ಕದ ಡೇಟಾವನ್ನು) ಮುಚ್ಚಿದ ಮೇಲೆ ಟ್ಯಾಲಿಯೊಳಗಿನ ಬ್ಯಾಕಪ್ ಆಯ್ಕೆಯಿಂದಲೇ ದಿನದ ಪ್ರತಿ ತೆಗೆಯಿರಿ. ಆ ಪ್ರತಿ ಸರ್ವರಿನ ಒಂದು ಫೋಲ್ಡರಿಗೆ ಬಿದ್ದು, ರಾತ್ರಿಯ ಬ್ಯಾಕಪ್‌ನಲ್ಲಿ ಹೊರಗಿನ ಡಿಸ್ಕ್‌ಗೆ ಹೋಗಲಿ.

ಈಗ ಮುಖ್ಯ ಸಂಗತಿ: ಮರಳಿ ತಂದು ನೋಡದ ಬ್ಯಾಕಪ್ ಬರೀ ನಂಬಿಕೆ. ತಿಂಗಳ ಮೊದಲ ಶನಿವಾರ ಮಧ್ಯಾಹ್ನ ಲೆಕ್ಕದ ಮೇಜಿನವರನ್ನು ಕೂರಿಸಿಕೊಳ್ಳಿ. ಹಿಂದಿನ ವಾರದ ಯಾವುದೋ ಒಂದು ದಿನವನ್ನು ಅವರೇ ಆರಿಸಲಿ. ಆ ದಿನದ ಡೇಬುಕ್ ಮುದ್ರಿತ ಪ್ರತಿ ಕೈಯಲ್ಲಿರಲಿ. ಬ್ಯಾಕಪ್‌ನಿಂದ ಆ ದಿನದ ಡೇಟಾವನ್ನು 'ಪರೀಕ್ಷೆ' ಎಂಬ ಹೊಸ ಫೋಲ್ಡರಿಗೆ ತನ್ನಿ. ಅಪ್ಪಿತಪ್ಪಿಯೂ ಮೂಲ ಜಾಗಕ್ಕೆ ತರಬೇಡಿ. ಬೇರೊಂದು ಕಂಪ್ಯೂಟರಿನಲ್ಲಿ ಟ್ಯಾಲಿ ತೆರೆದು ಆ ಫೋಲ್ಡರಿನಿಂದ ಕಂಪನಿ ಲೋಡ್ ಮಾಡಿ. ಕೊನೆಯ ವೋಚರ್ ಸಂಖ್ಯೆ ಕಾಗದದ ಮೇಲಿನ ಸಂಖ್ಯೆಯೇ? ನಗದು ಬಾಕಿ ತಾಳೆಯಾಗುತ್ತದೆಯೇ? ಎರಡೂ ಸರಿಯಿದ್ದರೆ ದಿನಾಂಕ, ಹಿಡಿದ ಸಮಯ, ಮಾಡಿದವರ ಸಹಿ ನೋಟ್‌ಬುಕ್ಕಿಗೆ ಹೋಗಲಿ. ಮುಂದಿನ ತಿಂಗಳು ನೀವು ಹಿಂದೆ ನಿಂತುಕೊಳ್ಳಿ, ಕೀಲಿಮಣೆ ಅವರ ಕೈಯಲ್ಲಿರಲಿ. ಹೀಗೆ ಮರಳಿ ತರುವುದನ್ನು ಕಲಿತ ಎರಡನೆಯ ವ್ಯಕ್ತಿ ಇದ್ದರೆ ಕಚೇರಿಗೆ ದೊಡ್ಡ ಧೈರ್ಯ.

ಸರ್ವರ್ ಬೇಕೇ, ಡೊಮೇನ್ ಬೇಕೇ?

ಎಂಟು ಹತ್ತು ಕಂಪ್ಯೂಟರ್‌ಗಳವರೆಗೆ ವರ್ಕ್‌ಗ್ರೂಪ್‌ನಲ್ಲಿ, ಅಂದರೆ ಪ್ರತಿ ಯಂತ್ರ ತನ್ನ ಖಾತೆಗಳನ್ನು ತಾನೇ ಇಟ್ಟುಕೊಳ್ಳುವ ವ್ಯವಸ್ಥೆಯಲ್ಲಿ, ನಿಭಾಯಿಸಬಹುದು. ಆಮೇಲೆ ಕಷ್ಟ ಶುರು. ಒಬ್ಬರ ಪಾಸ್‌ವರ್ಡ್ ಬದಲಿಸಲು ನಾಲ್ಕು ಯಂತ್ರಗಳ ಮುಂದೆ ಕೂರಬೇಕು. ಸಾಮಾನ್ಯ ವಿಂಡೋಸ್ 10 ಅಥವಾ 11 ಯಂತ್ರವನ್ನೇ ಸರ್ವರ್ ಮಾಡಿಕೊಂಡವರಿಗೆ ಇನ್ನೊಂದು ಮಿತಿಯಿದೆ: ಏಕಕಾಲಕ್ಕೆ 20 ಸಂಪರ್ಕಗಳಿಗಿಂತ ಹೆಚ್ಚಿಗೆ ಅದರ ಪರವಾನಗಿ ಒಪ್ಪುವುದಿಲ್ಲ. ಸುಗ್ಗಿಯಲ್ಲಿ ಹೆಚ್ಚುವರಿ ಜನ ಬಂದಾಗ ಕೆಲವರಿಗೆ ಫೋಲ್ಡರ್ ತೆರೆಯದೇ ಹೋಗುವುದಕ್ಕೆ ಇದೂ ಒಂದು ಕಾರಣ.

ಡೊಮೇನ್‌ಗೆ ಹೋಗುವುದಾದರೆ ವಿಂಡೋಸ್ ಸರ್ವರ್ ಸ್ಟ್ಯಾಂಡರ್ಡ್ ಸಾಕು. ಅದರ ಪರವಾನಗಿ ಕೋರ್‌ಗಳ ಲೆಕ್ಕ, ಕನಿಷ್ಠ 16 ಕೋರ್. ಎಲ್ಲ ಕೋರ್‌ಗಳಿಗೂ ಪರವಾನಗಿ ಕೊಂಡರೆ ಅದೇ ಯಂತ್ರದಲ್ಲಿ ಎರಡು ವರ್ಚುವಲ್ ಸರ್ವರ್ (ಒಂದು ಯಂತ್ರದೊಳಗೆ ಬೇರೆ ಬೇರೆ ಯಂತ್ರಗಳಂತೆ ನಡೆಯುವವು) ಓಡಿಸಬಹುದು. ಈ ಹಕ್ಕನ್ನು ಬಳಸಿಕೊಳ್ಳಿ. ಒಂದರಲ್ಲಿ ಡೊಮೇನ್‌ನ ಲಾಗಿನ್‌ಗಳನ್ನು ನೋಡಿಕೊಳ್ಳುವ ಡೊಮೇನ್ ಕಂಟ್ರೋಲರ್, ಇನ್ನೊಂದರಲ್ಲಿ ಕಡತಗಳು ಮತ್ತು ಲೆಕ್ಕದ ತಂತ್ರಾಂಶ ಇಡಿ. ಸಂಪರ್ಕಿಸುವ ಪ್ರತಿ ವ್ಯಕ್ತಿಗೆ ಅಥವಾ ಯಂತ್ರಕ್ಕೆ ಸಿಎಎಲ್ ಪರವಾನಗಿ ಬೇರೆ ಬೇಕು. ದರಪಟ್ಟಿ ಕೇಳುವಾಗಲೇ ಇದನ್ನು ಸೇರಿಸಿ ಕೇಳಿ, ಇಲ್ಲವಾದರೆ ಮಾಲೀಕರಿಗೆ ಎರಡನೆಯ ಬಿಲ್ಲು ತೋರಿಸುವ ಮುಜುಗರ ನಿಮ್ಮದಾಗುತ್ತದೆ. ಬಿಡಿಭಾಗಕ್ಕೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿಬರಲು ಒಂದು ದಿನ ಹಿಡಿಯುತ್ತದೆ. ಆದ್ದರಿಂದ ಒಂದು ಹೆಚ್ಚುವರಿ ಡಿಸ್ಕ್, ಒಂದು ಪವರ್ ಸಪ್ಲೈ, ಒಂದು ನೆಟ್‌ವರ್ಕ್ ಸ್ವಿಚ್ ಕಚೇರಿಯಲ್ಲೇ ಇರಲಿ.

ಡೊಮೇನ್ ಕಟ್ಟಿದ ಮೇಲೆ ಬರುವ ದೂರುಗಳಲ್ಲಿ ಹೆಸರಿನಿಂದ ಯಂತ್ರದ ವಿಳಾಸ ಹುಡುಕಿಕೊಡುವ ಡಿಎನ್‌ಎಸ್‌ನದೇ ಸಿಂಹಪಾಲು. ಕಂಪ್ಯೂಟರಿಗೆ ಡೊಮೇನ್ ಎಲ್ಲಿದೆ ಎಂದು ತೋರಿಸುವುದು ಡೊಮೇನ್ ಕಂಟ್ರೋಲರಿನ ಡಿಎನ್‌ಎಸ್. ಇಂಟರ್ನೆಟ್ ಬೇಗ ಬರಲಿ ಎಂದು ಎರಡನೆಯ ಡಿಎನ್‌ಎಸ್ ವಿಳಾಸವಾಗಿ ಗೂಗಲ್‌ನ 8.8.8.8 ಹಾಕಿಬಿಡುತ್ತಾರೆ. ಕೆಲವೊಮ್ಮೆ ಕಂಪ್ಯೂಟರ್ ಅಲ್ಲಿಗೇ ಹೋಗಿ ನಮ್ಮ ಡೊಮೇನ್ ಹೆಸರು ಕೇಳುತ್ತದೆ, ಅಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಲಾಗಿನ್ ಐದು ನಿಮಿಷ ತಿರುಗುತ್ತದೆ, ಪ್ರಿಂಟರ್ ಕಾಣೆಯಾಗುತ್ತದೆ, ಬೈಗುಳ ಮಾತ್ರ ಸರ್ವರಿಗೆ. ಎಲ್ಲ ಯಂತ್ರಗಳ ಡಿಎನ್‌ಎಸ್ ಡೊಮೇನ್ ಕಂಟ್ರೋಲರ್ ಕಡೆಗೆ ಮಾತ್ರ ಇರಲಿ. ಹೊರಗಿನ ವಿಳಾಸಗಳನ್ನು ಅದರೊಳಗಿನ ಫಾರ್ವರ್ಡರ್‌ನಲ್ಲಿ (ತನಗೆ ಗೊತ್ತಿಲ್ಲದ ಹೆಸರನ್ನು ಹೊರಗೆ ಕೇಳುವ ಭಾಗದಲ್ಲಿ) ಹಾಕಿ. ಯಾವುದಾದರೂ ಯಂತ್ರ 169.254ರಿಂದ ಶುರುವಾಗುವ ವಿಳಾಸ ತೋರಿಸುತ್ತಿದ್ದರೆ ಅದಕ್ಕೆ ವಿಳಾಸಗಳನ್ನು ತಾನಾಗಿ ಹಂಚುವ ಡಿಎಚ್‌ಸಿಪಿಯಿಂದ ವಿಳಾಸವೇ ಸಿಕ್ಕಿಲ್ಲ ಎಂದು ಅರ್ಥ. ಮೊದಲು ಕೇಬಲ್ ಮತ್ತು ಸ್ವಿಚ್ ನೋಡಿ.

ಗಡಿಯಾರವೂ ಇಷ್ಟೇ ಮುಖ್ಯ. ಡೊಮೇನ್‌ನ ಲಾಗಿನ್ ವ್ಯವಸ್ಥೆಯಾದ ಕೆರ್ಬೆರೋಸ್ ಐದು ನಿಮಿಷಕ್ಕಿಂತ ಹೆಚ್ಚಿನ ವ್ಯತ್ಯಾಸವನ್ನು ಮೂಲತಃ ಒಪ್ಪುವುದಿಲ್ಲ. ಹಳೆಯ ಡೆಸ್ಕ್‌ಟಾಪಿನ ಮದರ್‌ಬೋರ್ಡ್ ಮೇಲಿನ ಸಿಆರ್ 2032 ಬ್ಯಾಟರಿ ಸತ್ತಿದ್ದರೆ, ರಾತ್ರಿ ವಿದ್ಯುತ್ ಹೋಗಿ ಬೆಳಿಗ್ಗೆ ಬಂದಾಗ ಯಂತ್ರ ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ಪಾಸ್‌ವರ್ಡ್ ಸರಿಯಿದ್ದರೂ ಸರ್ವರಿನ ಬಾಗಿಲು ತೆರೆಯದಿದ್ದರೆ ಪರದೆಯ ಮೂಲೆಯ ದಿನಾಂಕವನ್ನು ಮೊದಲು ನೋಡಿ. ಸಣ್ಣ ಮೊತ್ತದ ಬ್ಯಾಟರಿ ಒಂದು ಗಂಟೆಯ ತಲೆನೋವನ್ನು ತಪ್ಪಿಸುತ್ತದೆ.

ಖಾತೆಗಳು, ಫೋಲ್ಡರ್‌ಗಳು

ಒಬ್ಬರಿಗೆ ಒಂದು ಖಾತೆ. 'ಆಫೀಸ್', 'ಯೂಸರ್1' ಎಂಬ ಹಂಚಿಕೆಯ ಖಾತೆಗಳನ್ನು ಇಂದೇ ಮುಚ್ಚಿ. ಯಾರು ಏನು ಅಳಿಸಿದರು ಎಂದು ತಿಳಿಯದೆ, ಮಾಡದ ತಪ್ಪಿಗೆ ಬಡ ಗುಮಾಸ್ತನೊಬ್ಬ ಕೆಲಸ ಕಳೆದುಕೊಳ್ಳುವ ಸಂದರ್ಭ ಬರಬಾರದು. ಸ್ವಂತ ಖಾತೆ ಸಿಬ್ಬಂದಿಯ ರಕ್ಷಣೆಗೇ ಇದೆ ಎಂದು ಅವರಿಗೆ ತಿಳಿಸಿ ಹೇಳಿ, ಆಗ ಪಾಸ್‌ವರ್ಡನ್ನು ಮಾನಿಟರಿಗೆ ಅಂಟಿಸುವುದು ತಾನಾಗಿಯೇ ಕಡಿಮೆಯಾಗುತ್ತದೆ.

ನಿಮಗೂ ಎರಡು ಖಾತೆ ಇರಲಿ: ದಿನನಿತ್ಯಕ್ಕೆ ಸಾಮಾನ್ಯ ಖಾತೆ, ಆಡಳಿತಕ್ಕೆ ಮಾತ್ರ ಅಡ್ಮಿನ್ ಖಾತೆ. ಡೊಮೇನ್ ಅಡ್ಮಿನ್ ಆಗಿ ಸಿಬ್ಬಂದಿಯ ಕಂಪ್ಯೂಟರಿಗೆ ಲಾಗಿನ್ ಆಗಬೇಡಿ. ಆ ಯಂತ್ರದಲ್ಲಿ ಕಳ್ಳ ಪ್ರೋಗ್ರಾಮ್ ಕೂತಿದ್ದರೆ ಇಡೀ ಕಚೇರಿಯ ಬೀಗದ ಕೈ ಅದಕ್ಕೆ ಸಿಕ್ಕಂತೆ. ಎಲ್ಲ ಯಂತ್ರಗಳ ಸ್ಥಳೀಯ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಒಂದೇ ಆಗಿರುವುದೂ ಅಷ್ಟೇ ಅಪಾಯ. ವಿಂಡೋಸ್ ಲ್ಯಾಪ್ಸ್ ಎಂಬ ವ್ಯವಸ್ಥೆ ಪ್ರತಿ ಯಂತ್ರಕ್ಕೂ ಬೇರೆ ಬೇರೆ ಪಾಸ್‌ವರ್ಡ್ ಹಾಕಿ, ಕಾಲಕಾಲಕ್ಕೆ ಬದಲಿಸಿ, ಡೊಮೇನ್‌ನ ಖಾತೆಗಳ ದಾಖಲೆಯಾದ ಆಕ್ಟಿವ್ ಡೈರೆಕ್ಟರಿಯಲ್ಲಿ ಇಡುತ್ತದೆ. 2023ರ ಏಪ್ರಿಲ್ ಪರಿಷ್ಕರಣೆಯಿಂದ ಇದು ವಿಂಡೋಸ್‌ನೊಳಗೇ ಬರುತ್ತಿದೆ. ಮುಖ್ಯ ಅಡ್ಮಿನ್ ಪಾಸ್‌ವರ್ಡನ್ನು ಕಾಗದದ ಮೇಲೆ ಬರೆದು, ಲಕೋಟೆಗೆ ಹಾಕಿ, ಅಂಟಿನ ಮೇಲೆ ಸಹಿ ಮಾಡಿ ಮಾಲೀಕರ ತಿಜೋರಿಯಲ್ಲಿಡಿ. ಬದಲಿಸಿದಾಗಲೆಲ್ಲ ಲಕೋಟೆಯೂ ಬದಲಾಗಬೇಕು.

ಫೋಲ್ಡರ್ ಹಕ್ಕುಗಳನ್ನು ವ್ಯಕ್ತಿಗಳಿಗೆ ನೇರವಾಗಿ ಕೊಡುವುದು ಎಲ್ಲರೂ ಮಾಡುವ ಕೆಲಸ, ಎರಡು ವರ್ಷದ ನಂತರ ಯಾರಿಗೆ ಏನು ಕೊಟ್ಟಿದ್ದೇವೆಂದು ಯಾರಿಗೂ ಗೊತ್ತಿರುವುದಿಲ್ಲ. ಗುಂಪುಗಳಿಗೆ ಕೊಡಿ. ಒಂದು ಮಂಡಿಯನ್ನೇ ತೆಗೆದುಕೊಳ್ಳೋಣ. ಗೇಟಿನಲ್ಲಿ ಬಾಕ್ಸ್ ಎಣಿಸಿ ಬರೆಯುವವರು, ರೈತರಿಗೆ ಪಟ್ಟಿ ಮಾಡಿಕೊಡುವವರು, ಲೆಕ್ಕದವರು, ಮಾಲೀಕರು ಇದ್ದಾರೆ. 'ಆವಕ', 'ಪಟ್ಟಿ', 'ಲೆಕ್ಕ' ಎಂದು ಮೂರು ಫೋಲ್ಡರ್. ಪ್ರತಿ ಫೋಲ್ಡರಿಗೂ ಎರಡು ಗುಂಪು: 'ಆವಕ-ಓದು' ಮತ್ತು 'ಆವಕ-ಬರಹ', ಹೀಗೆ. ಗೇಟಿನವರು 'ಆವಕ-ಬರಹ'ದಲ್ಲಿ ಮಾತ್ರ. ಪಟ್ಟಿಯವರು 'ಆವಕ-ಓದು' ಮತ್ತು 'ಪಟ್ಟಿ-ಬರಹ'ದಲ್ಲಿ. ಲೆಕ್ಕದವರು ಮೊದಲೆರಡನ್ನು ಓದಬಲ್ಲರು, 'ಲೆಕ್ಕ'ವನ್ನು ಬರೆಯಬಲ್ಲರು. ಮಾಲೀಕರಿಗೆ ಮೂರರಲ್ಲೂ ಓದುವ ಹಕ್ಕು. ಮಾಲೀಕರು ಎಂದು ಎಲ್ಲವನ್ನೂ ಅಳಿಸುವ ಹಕ್ಕು ಕೊಡಬೇಕಾಗಿಲ್ಲ, ಸಮಾಧಾನವಾಗಿ ಹೇಳಿದರೆ ಅವರೂ ಒಪ್ಪುತ್ತಾರೆ. ಗೇಟಿನ ಹುಡುಗ ಪಟ್ಟಿಯ ಮೇಜಿಗೆ ಬಡ್ತಿ ಪಡೆದ ದಿನ ನೀವು ಮಾಡಬೇಕಾದ್ದು 'ಆವಕ-ಬರಹ'ದಿಂದ ತೆಗೆದು 'ಆವಕ-ಓದು' ಮತ್ತು 'ಪಟ್ಟಿ-ಬರಹ'ಕ್ಕೆ ಹಾಕುವುದಷ್ಟೇ. ಅವರು ಲಾಗ್‌ಔಟ್ ಮಾಡಿ ಮತ್ತೆ ಒಳಬಂದರೆ ಹಕ್ಕು ಬದಲಾಗಿರುತ್ತದೆ.

ನೆಟ್‌ವರ್ಕಿನಲ್ಲಿ ಹಂಚಿದ ಫೋಲ್ಡರಿಗೆ ಹಾಕುವ ಹಂಚಿಕೆಯ ಹಕ್ಕು, ಡಿಸ್ಕಿನ ಕಡತಗಳಿಗೇ ಹಾಕುವ ಎನ್‌ಟಿಎಫ್‌ಎಸ್ ಹಕ್ಕು ಎಂದು ಎರಡು ಬಗೆಯಿವೆ. ನೆಟ್‌ವರ್ಕ್ ಮೂಲಕ ಬರುವವರಿಗೆ ಎರಡರಲ್ಲಿ ಯಾವುದು ಬಿಗಿಯೋ ಅದೇ ಅನ್ವಯ. ಹಂಚಿಕೆಯಲ್ಲಿ ಲಾಗಿನ್ ಆದ ಎಲ್ಲರಿಗೂ ಬದಲಾಯಿಸುವ ಹಕ್ಕು ಕೊಟ್ಟು, ನಿಜವಾದ ನಿಯಂತ್ರಣವನ್ನು ಎನ್‌ಟಿಎಫ್‌ಎಸ್‌ನಲ್ಲಿ ಮಾಡಿ. ಒಂದೇ ಕಡೆ ನೋಡಿದರೆ ಎಲ್ಲ ತಿಳಿಯುವಂತಿರಬೇಕು. 'ಡಿನೈ' (ನಿರಾಕರಣೆ) ಆಯ್ಕೆ ಬಳಸಬೇಡಿ, ಹಕ್ಕು ಕೊಡದಿದ್ದರೆ ಸಾಕು. ಟ್ಯಾಲಿಯ ಡೇಟಾ ಫೋಲ್ಡರನ್ನು ಸುಮ್ಮನೆ ಹಂಚಿದಾಗ ಅದರಲ್ಲಿ ಕೆಲಸ ಮಾಡುವವರೆಲ್ಲ ಅದನ್ನು ಎಕ್ಸ್‌ಪ್ಲೋರರಿನಲ್ಲಿ ತೆರೆದು ಅಳಿಸಲೂಬಹುದು. ಹಂಚಿಕೆಯ ಹೆಸರನ್ನು ಮರೆಮಾಡಿದರೆ ಇದು ತಪ್ಪುವುದಿಲ್ಲ. ಬಳಕೆದಾರರು ಹೆಚ್ಚಿದ್ದರೆ ಟ್ಯಾಲಿ ಪ್ರೈಮ್ ಸರ್ವರ್ ಕೊಳ್ಳುವುದು ಈ ಒಂದು ಕಾರಣಕ್ಕೇ ಸಾರ್ಥಕ.

ಕೆಲಸ ಬಿಟ್ಟವರ ಖಾತೆಯನ್ನು ಅದೇ ದಿನ ನಿಷ್ಕ್ರಿಯಗೊಳಿಸಿ, ಅಳಿಸಬೇಡಿ. ಅಳಿಸಿ ಮತ್ತೆ ಅದೇ ಹೆಸರಿನಲ್ಲಿ ಖಾತೆ ಮಾಡಿದರೂ ಒಳಗಿನ ಭದ್ರತಾ ಗುರುತು ಹೊಸದಾಗಿರುತ್ತದೆ, ಹಳೆಯ ಹಕ್ಕುಗಳು ಮರಳುವುದಿಲ್ಲ.

ಡೊಮೇನ್‌ನ ಎಲ್ಲ ಯಂತ್ರಗಳಿಗೂ ಒಂದೇ ಕಡೆಯಿಂದ ನಿಯಮ ಹಾಕುವ ಗ್ರೂಪ್ ಪಾಲಿಸಿ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೆಲವೇ ನೀತಿಗಳು ಸಾಕು: ಹತ್ತು ನಿಮಿಷಕ್ಕೆ ಪರದೆ ಬೀಗ, ಕನಿಷ್ಠ ಹನ್ನೆರಡು ಅಕ್ಷರದ ಪಾಸ್‌ವರ್ಡ್, ಹತ್ತು ತಪ್ಪು ಪ್ರಯತ್ನಕ್ಕೆ ತಾತ್ಕಾಲಿಕ ತಡೆ, ಹಂಚಿದ ಡ್ರೈವ್ ತಾನಾಗಿ ಬರುವುದು, ಇಂಟರ್ನೆಟ್‌ನಿಂದ ಬಂದ ಕಡತಗಳ ಮ್ಯಾಕ್ರೋಗೆ (ಕಡತದೊಳಗೆ ಅಡಗಿರುವ ಸಣ್ಣ ಪ್ರೋಗ್ರಾಮಿಗೆ) ತಡೆ. ಪ್ರತಿಯೊಂದಕ್ಕೂ ಬೇರೆ ನೀತಿ ಮಾಡಿ, ಅದು ಏನೆಂದು ಹೆಸರಿನಲ್ಲೇ ತಿಳಿಯಲಿ. ಮೊದಲು ನಿಮ್ಮದೇ ಯಂತ್ರದ ಮೇಲೆ ಹಾಕಿ ನೋಡಿ.

ಪರಿಷ್ಕರಣೆಗಳು

ವನ್ನಾಕ್ರೈ ಎಂಬ ವೈರಸ್ ಜಗತ್ತಿನ ಲಕ್ಷಾಂತರ ಯಂತ್ರಗಳನ್ನು ಕೆಡವಿದ್ದು 2017ರ ಮೇ 12ರಂದು. ಅದು ನುಸುಳಿದ ತೂತನ್ನು ಮುಚ್ಚುವ ಪರಿಷ್ಕರಣೆಯನ್ನು ಮೈಕ್ರೋಸಾಫ್ಟ್ ಮಾರ್ಚ್ 14ಕ್ಕೇ ಕೊಟ್ಟಿತ್ತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಮಾತು ಎರಡು ತಿಂಗಳು ಅಪ್‌ಡೇಟ್ ಮುಂದೂಡಿದವರಿಗೆ ಸರಿಯಾಗಿ ಅನ್ವಯಿಸಿತು. ಅದು ಬಳಸಿದ, ಕಡತ ಹಂಚಿಕೆಯ ಹಳೆಯ ವಿಧಾನವಾದ ಎಸ್‌ಎಂಬಿ 1 ನಿಮ್ಮಲ್ಲಿ ಇನ್ನೂ ಚಾಲ್ತಿಯಲ್ಲಿದ್ದರೆ ನಿಲ್ಲಿಸಿ. ಹಳೆಯ ಸ್ಕ್ಯಾನರ್ ಅದನ್ನೇ ಬೇಡಿದರೆ ಸ್ಕ್ಯಾನರನ್ನು ಬದಲಿಸಿ.

ಪ್ರತಿ ತಿಂಗಳ ಎರಡನೇ ಮಂಗಳವಾರ ಹೊಸ ಪರಿಷ್ಕರಣೆಗಳು ಬರುತ್ತವೆ, ನಮ್ಮ ಗಡಿಯಾರದಲ್ಲಿ ಅದು ಮಂಗಳವಾರ ರಾತ್ರಿ. ಬುಧವಾರ ನಿಮ್ಮ ಮತ್ತು ಇನ್ನೊಬ್ಬರ ಯಂತ್ರಕ್ಕೆ ಮಾತ್ರ ಹಾಕಿ. ಲೆಕ್ಕದ ತಂತ್ರಾಂಶ, ಪ್ರಿಂಟರ್, ಡಿಜಿಟಲ್ ಸಹಿಯ ಟೋಕನ್ ಮೂರೂ ಕೆಲಸ ಮಾಡುತ್ತಿವೆಯೇ ನೋಡಿ. ನಾಲ್ಕೈದು ದಿನದ ನಂತರ ಉಳಿದ ಯಂತ್ರಗಳಿಗೆ ಹಾಕಿ. ಸರ್ವರಿಗೆ ಆ ವಾರದ ಕೊನೆಯಲ್ಲಿ, ರಾತ್ರಿಯ ಬ್ಯಾಕಪ್ ಯಶಸ್ವಿಯಾಗಿದೆ ಎಂದು ಕಣ್ಣಾರೆ ನೋಡಿದ ಮೇಲೆ. ಈ ವಿಳಂಬವನ್ನು ಗ್ರೂಪ್ ಪಾಲಿಸಿಯಲ್ಲೇ ಇಡಬಹುದು. ಬ್ರಾಡ್‌ಬ್ಯಾಂಡ್ ನಿಧಾನವಿದ್ದ ಕಡೆ 'ಡೆಲಿವರಿ ಆಪ್ಟಿಮೈಸೇಷನ್' ಚಾಲೂ ಮಾಡಿದರೆ ಒಂದು ಯಂತ್ರ ಇಳಿಸಿಕೊಂಡದ್ದನ್ನು ಉಳಿದವು ಒಳಗಿನ ನೆಟ್‌ವರ್ಕಿನಿಂದಲೇ ಪಡೆಯುತ್ತವೆ.

ದೊಡ್ಡ ಬದಲಾವಣೆಗೆ ಊರಿನ ಪಂಚಾಂಗ ನೋಡಿ. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಮೇ, ಜೂನ್‌ನಲ್ಲಿ, ಕೋಲಾರದ ಟೊಮೆಟೊ ಮಂಡಿಯಲ್ಲಿ ಮಳೆಗಾಲದ ಸುಗ್ಗಿಯಲ್ಲಿ, ಲೆಕ್ಕಪರಿಶೋಧಕರ ಕಚೇರಿಯಲ್ಲಿ ಜುಲೈ ಮತ್ತು ಸೆಪ್ಟೆಂಬರ್ ಕೊನೆಯಲ್ಲಿ ಸರ್ವರಿನ ಮೈ ಮುಟ್ಟಬೇಡಿ. ತಿಂಗಳ ಭದ್ರತಾ ಪರಿಷ್ಕರಣೆ ಮಾತ್ರ ಆಗಲೂ ನಿಲ್ಲಬಾರದು.

ಕನ್ನಡದ ಕಡತಗಳು

ಹೊಸ ಯಂತ್ರ ಕೊಟ್ಟ ದಿನವೇ ಬರುವ ದೂರು: "ಹಳೆಯ ಪತ್ರಗಳೆಲ್ಲ ಏನೇನೋ ಇಂಗ್ಲಿಷ್ ಅಕ್ಷರಗಳಾಗಿವೆ." ಅವು 'ನುಡಿ' ತಂತ್ರಾಂಶದ ಹಳೆಯ, ಯುನಿಕೋಡ್ (ಎಲ್ಲ ಯಂತ್ರಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ) ಅಲ್ಲದ ಫಾಂಟ್‌ಗಳಲ್ಲಿ ಬರೆದ ಕಡತಗಳು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅಕ್ಷರ ಕಾಣುವುದಿಲ್ಲ. ಕಡತ ಹಾಳಾಗಿಲ್ಲ, ಗಾಬರಿಯಿಂದ ತಿದ್ದಿ ಉಳಿಸಬೇಡಿ ಎಂದು ಮೊದಲು ಹೇಳಿ. ಫಾಂಟ್ ಹಾಕುವಾಗ ಎಲ್ಲ ಬಳಕೆದಾರರಿಗೂ ಎಂಬ ಆಯ್ಕೆಯನ್ನೇ ಒತ್ತಿ, ಇಲ್ಲವಾದರೆ ಅದೇ ಯಂತ್ರಕ್ಕೆ ಬೇರೆಯವರು ಲಾಗಿನ್ ಆದಾಗ ಮತ್ತೆ ಅದೇ ದೂರು ಬರುತ್ತದೆ. ಹೊಸ ಪತ್ರಗಳನ್ನು ಯುನಿಕೋಡ್‌ನಲ್ಲೇ ಬರೆಯಲು ಸಿಬ್ಬಂದಿಯನ್ನು ಒಪ್ಪಿಸಿ. ವಿಂಡೋಸ್‌ನಲ್ಲಿ ಕನ್ನಡ ಕೀಲಿಮಣೆಯೂ ನಿರ್ಮಲಾ ಫಾಂಟೂ ಇವೆ. ನುಡಿ ವಿನ್ಯಾಸಕ್ಕೆ ಒಗ್ಗಿದ ಕೈಗಳಿಗೆ ಅದೇ ವಿನ್ಯಾಸದ ಯುನಿಕೋಡ್ ಸಾಧನ ಹಾಕಿಕೊಡಿ. ಯುನಿಕೋಡ್‌ನಲ್ಲಿ ಬರೆದದ್ದನ್ನು ಮುಂದೆ ಬರುವವರು ಹುಡುಕಿ ತೆಗೆಯಬಲ್ಲರು.

ದಾಖಲೆ ಓದುವುದು, ಹೊರಗಿನ ಬಾಗಿಲು

ವಾರಕ್ಕೊಮ್ಮೆ ಸರ್ವರಿನ ಈವೆಂಟ್ ವ್ಯೂವರ್, ಅಂದರೆ ಯಂತ್ರ ತನ್ನಲ್ಲಿ ನಡೆದದ್ದನ್ನು ಸಂಖ್ಯೆ ಹಾಕಿ ಬರೆದಿಡುವ ಲಾಗ್‌ಗಳನ್ನು ತೋರಿಸುವ ಸಾಧನ, ತೆರೆಯಿರಿ. ಎಲ್ಲ ಕೆಂಪು ಗುರುತುಗಳಿಗೂ ಹೆದರಬೇಕಿಲ್ಲ. ಕೆಲವು ಸಂಖ್ಯೆಗಳನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದುಕೊಳ್ಳಿ. 41 ಮತ್ತು 6008 ಬಂದರೆ ಯಂತ್ರ ಕ್ರಮವಿಲ್ಲದೆ ನಿಂತಿದೆ, ಯುಪಿಎಸ್ ನೋಡಿ. 1074 ಬಂದರೆ ಯಾರೋ ಅಥವಾ ಯಾವುದೋ ಪ್ರೋಗ್ರಾಮ್ ಉದ್ದೇಶಪೂರ್ವಕವಾಗಿ ನಿಲ್ಲಿಸಿದೆ, ಹೆಸರೂ ಅಲ್ಲೇ ಇರುತ್ತದೆ. 'ಡಿಸ್ಕ್' ಮೂಲದಿಂದ 7 ಅಥವಾ 153 ಪದೇ ಪದೇ ಬಂದರೆ ಹೊಸ ಡಿಸ್ಕ್ ತರಿಸಿ. 4625 ತಪ್ಪಿದ ಲಾಗಿನ್, 4740 ಖಾತೆಗೆ ಬೀಗ ಬಿದ್ದದ್ದು. ನಡುರಾತ್ರಿ ನೂರಾರು 4625 ಕಂಡರೆ ಹೊರಗಿನಿಂದ ಯಾರೋ ಬಾಗಿಲು ತಟ್ಟುತ್ತಿದ್ದಾರೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಕಂಪನಿಗಳು ಲಾಗ್‌ಗಳನ್ನು 180 ದಿನ ಉಳಿಸಬೇಕು. ಸೆಕ್ಯುರಿಟಿ ಲಾಗ್‌ನ ಮೂಲ ಗಾತ್ರ ಸಾಮಾನ್ಯವಾಗಿ 20 ಎಂಬಿ ಮಾತ್ರ, ಅದು ಬೇಗ ತುಂಬಿ ಹಳೆಯದನ್ನು ಅಳಿಸುತ್ತದೆ. ಗಾತ್ರ ಹೆಚ್ಚಿಸಿ, ತಿಂಗಳಿಗೊಮ್ಮೆ ಪ್ರತಿ ತೆಗೆದಿಡಿ.

ಮನೆಯಿಂದ ಸರ್ವರ್ ನೋಡಬೇಕೆಂದು ರೌಟರಿನಲ್ಲಿ ರಿಮೋಟ್ ಡೆಸ್ಕ್‌ಟಾಪ್ ಬಳಸುವ 3389ನೇ ಪೋರ್ಟ್ ತೆರೆದಿಟ್ಟಿದ್ದರೆ ಈ ಲೇಖನ ಓದುವುದನ್ನು ನಿಲ್ಲಿಸಿ ಮೊದಲು ಅದನ್ನು ಮುಚ್ಚಿ. ವಿಪಿಎನ್ (ಇಂಟರ್ನೆಟ್ ಮೂಲಕ ಕಚೇರಿಯ ನೆಟ್‌ವರ್ಕಿಗೆ ಬರುವ ಸುರಕ್ಷಿತ ದಾರಿ) ಮೂಲಕ ಒಳಬಂದು ಆಮೇಲೆ ರಿಮೋಟ್ ಡೆಸ್ಕ್‌ಟಾಪ್ ಬಳಸಿ. ತಂತ್ರಾಂಶ ಮಾರಿದವರು ದುರಸ್ತಿಗೆಂದು ಹಾಕಿದ ದೂರ ನಿಯಂತ್ರಣದ ಪ್ರೋಗ್ರಾಮ್ ಶಾಶ್ವತ ಪಾಸ್‌ವರ್ಡಿನೊಂದಿಗೆ ಉಳಿದಿದೆಯೇ ನೋಡಿ, ಇದ್ದರೆ ತೆಗೆಯಿರಿ. ಸಿಸಿಟಿವಿಯ ಡಿವಿಆರ್, ಅತಿಥಿಗಳ ವೈಫೈ ಎರಡೂ ಲೆಕ್ಕದ ಕಂಪ್ಯೂಟರ್‌ಗಳಿರುವ ನೆಟ್‌ವರ್ಕಿನಲ್ಲಿ ಇರಬಾರದು.

ಒಂದು ಬೆಳಿಗ್ಗೆ ಕಡತಗಳ ಹೆಸರಿನ ಕೊನೆಯಲ್ಲಿ ವಿಚಿತ್ರ ಅಕ್ಷರಗಳು ಸೇರಿ, ಹಣ ಕೇಳುವ ಟಿಪ್ಪಣಿ ಕಂಡರೆ ಮೊದಲು ನೆಟ್‌ವರ್ಕ್ ಸ್ವಿಚ್‌ನ ವಿದ್ಯುತ್ ತೆಗೆಯಿರಿ. ಬ್ಯಾಕಪ್ ಡಿಸ್ಕ್ ಜೋಡಿಸಿದ್ದರೆ ಕಿತ್ತು ಪಕ್ಕಕ್ಕಿಡಿ. ಯಂತ್ರವನ್ನು ಫಾರ್ಮ್ಯಾಟ್ ಮಾಡಬೇಡಿ, ಪರದೆಯ ಫೋಟೊ ತೆಗೆಯಿರಿ. ಅದೇ ನಿರ್ದೇಶನದಂತೆ ವಿಷಯ ತಿಳಿದ ಆರು ಗಂಟೆಯೊಳಗೆ ಸರ್ಟ್-ಇನ್‌ಗೆ ವರದಿ ಮಾಡಬೇಕು. ಖಾತೆಯಿಂದ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ದೂರು ಕೊಡಿ. ಸೋಂಕು ತಗುಲಿದ ಡಿಸ್ಕ್‌ಗೆ ದಿನಾಂಕದ ಚೀಟಿ ಅಂಟಿಸಿ ತೆಗೆದಿಟ್ಟು, ಹೊಸ ಡಿಸ್ಕ್ ಮೇಲೆ ವಿಂಡೋಸ್ ಹಾಕಿ. ಎಲ್ಲ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ಆಮೇಲಷ್ಟೇ ಮಾಲೀಕರ ಮನೆಯಲ್ಲಿರುವ ಡಿಸ್ಕ್ ತರಿಸಿ, ಸೋಂಕಿಗಿಂತ ಹಿಂದಿನ ದಿನದ ಪ್ರತಿಯನ್ನು ಆರಿಸಿಕೊಂಡು ಮರಳಿ ತರುವ ಕೆಲಸ ಶುರು ಮಾಡಿ.